ಈ ಸುಗ್ಗಿ ಮುಗೀಲಿ: ಮಗಳಿಗೊಂದು ಪತ್ರ

ಬ್ಯಾಡಗಿ
ಗುರುವಾರ ರಾತ್ರಿ

ತಂಗೀ,

ಫೋನಿನಲ್ಲಿ ಮಾತು ಸರಿ ಬರಲಿಲ್ಲ. ನೀನು "ಅಪ್ಪಾ, ನೌಕರಿ ಬಿಡಬೇಕಂತ ಮಾಡೀನಿ" ಅಂದೆ. ನಾನು "ಊಟ ಆತೇನು?" ಅಂದೆ. ಫೋನ್ ಇಟ್ಟ ಮೇಲೆ ನಿಮ್ಮವ್ವ ಚೆನ್ನಾಗಿ ಬೈದಳು. ಅದಕ್ಕೇ ಈ ಪತ್ರ. ಇವತ್ತು ಟೆಂಡರ್ ದಿನ, ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಹರಾಜು, ಅಂಗಡಿಯಿಂದ ಬಂದಾಗ ಒಂಬತ್ತೂವರೆ. ಇಷ್ಟು ವರ್ಷ ಆದರೂ ಜನವರಿಯ ಘಾಟಿಗೆ ನನ್ನ ಮೂಗು ಒಗ್ಗಿಲ್ಲ, ಸೀನುತ್ತಲೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್‌ಸಿ. ಮುಗಿಸಿದಾಗ ನೀನು ಎಂ.ಎಸ್‌ಸಿ. ಮಾಡುತ್ತೇನೆ, ಮೆಣಸಿನಕಾಯಿ ತಳಿಯ ಮೇಲೆ ಕೆಲಸ ಮಾಡುತ್ತೇನೆ ಅಂದಿದ್ದೆ. ಹುಬ್ಬಳ್ಳಿಯ ಫೈನಾನ್ಸ್ ಕಂಪನಿಯವರು ಕರೆದರು. "ಮೊದಲು ಸೇರಿಕೋ, ಓದು ಎಲ್ಲಿ ಓಡಿ ಹೋಗುತ್ತೆ" ಅಂದವನು ನಾನು. ನಿನ್ನ ಮೇಲಿನ ಕಾಳಜಿ ಅಂತ ಆಗ ಅಂದುಕೊಂಡಿದ್ದೆ. ಕಾಳಜಿಯಲ್ಲ, ನನ್ನ ಹೆದರಿಕೆ. ತಿಂಗಳ ಪಗಾರ ಬರದಿದ್ದರೆ ಹೇಗೆ ಅನ್ನುವ ಹೆದರಿಕೆ. ಅದನ್ನು ನಿನ್ನ ತಲೆಗೆ ಕಟ್ಟಿದೆ.

ಆ ಹೆದರಿಕೆ ಎಲ್ಲಿಂದ ಬಂತು ಅಂತ ನಿನಗೆ ಯಾವತ್ತೂ ಹೇಳಿಲ್ಲ. 1994ರಲ್ಲಿ ನಾನು ಬಿ.ಎಡ್. ಅರ್ಜಿ ತುಂಬಿದ್ದೆ. ಗಣಿತದ ಮಾಸ್ತರ ಆಗಬೇಕು ಅಂತ ಆಸೆ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ಆಗಿನ್ನೂ ನಾವೆಲ್ಲ ಧಾರವಾಡ ಜಿಲ್ಲೆಯವರು. ಅಡತಿ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿ ಎರಡು ವರ್ಷ ಆಗಿತ್ತು. ಮಾಲಕರಿಗೆ ಹೇಳಿದೆ. "ಹೋಗಪಾ, ಬ್ಯಾಡ ಅನ್ನಂಗಿಲ್ಲ. ಈ ಸುಗ್ಗಿ ಒಂದು ಮುಗೀಲಿ" ಅಂದರು. ಸುಗ್ಗಿ ಮುಗಿಯಿತು. ಪಗಾರ ನೂರೈವತ್ತು ರೂಪಾಯಿ ಜಾಸ್ತಿ ಆಯಿತು. ಮತ್ತೊಂದು ಸುಗ್ಗಿ ಬಂತು. ಆಮೇಲೆ ನನ್ನ ಲಗ್ನ, ನಿಮ್ಮಜ್ಜನ ಆಸ್ಪತ್ರೆ ಖರ್ಚು, ನೀನು. ಈಗ ನಾನು ಈ ಮಾರ್ಕೆಟ್ಟಿನ ಹಳೇ ದಿವಾನಜಿ, ಲೆಕ್ಕ ಬರೆಯುವವ. ಮಾಲಕರು ಕೆಟ್ಟವರಾಗಿದ್ದರೆ ಎಂದೋ ಬಿಟ್ಟು ಓಡುತ್ತಿದ್ದೆ. ಅವರು ಒಳ್ಳೆಯವರು, ಅದೇ ತೊಡಕಾಯಿತು. ಅಳುತ್ತಾ ಹೇಳುತ್ತಿಲ್ಲ ಮತ್ತೆ. ಆ ಪಗಾರದಲ್ಲೇ ಮನೆ ಕಟ್ಟಿದೆ, ನಿನ್ನನ್ನು ಓದಿಸಿದೆ. ಆದರೂ ಶಾಲೆಯ ಗಂಟೆ ಕೇಳಿದಾಗ ಒಮ್ಮೊಮ್ಮೆ ಲೆಕ್ಕ ತಪ್ಪುತ್ತದೆ.

ದೀಪಾವಳಿಗೆ ಬಂದಾಗ ನೀನು ಸವಣೂರ ಕಡೆಯ ಒಬ್ಬ ರೈತನ ಸುದ್ದಿ ಹೇಳಿದ್ದೆ, ನೆನಪಿದೆಯಾ? ನೀನು ಕಂಪನಿಯ ಟ್ರ್ಯಾಕ್ಟರ್ ಸಾಲದ ಕಂತು ಕೇಳಲು ಹೋಗಿದ್ದೆ. ಅವನ ಹೊಲದಲ್ಲಿ ಮೆಣಸಿನ ಗಿಡಕ್ಕೆ ಮುಟುರು ರೋಗ ಬಿದ್ದಿತ್ತು. ನೀನು ಚಪ್ಪಲಿ ಬಿಟ್ಟು ಹೊಲಕ್ಕಿಳಿದೆ. ಎಲೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿ, ಎರಡಕ್ಕೂ ಔಷಧ ಬೇರೆ ಅಂತ ಒಂದು ತಾಸು ಹೇಳಿ, ಚಹಾ ಕುಡಿದು, ಕಂತು ಕೇಳುವುದನ್ನೇ ಮರೆತು ಬಂದೆ. ಮರುದಿನ ಎಲ್ಲರ ಮುಂದೆ ಮ್ಯಾನೇಜರ್ ಬೈದರಂತೆ. ಆ ಬೈಗುಳವನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದೆ. ಎಲೆಯ ಕಥೆಯನ್ನು ಮಾತ್ರ ಕೈ ಆಡಿಸಿ ಆಡಿಸಿ ಹೇಳಿದೆ. ನಾನು ಅವತ್ತೇ ತಿಳಿದುಕೊಳ್ಳಬೇಕಿತ್ತು.

ಚಿಕ್ಕವಳಿದ್ದಾಗ ಅಂಗಡಿಗೆ ಬಂದು ಚೀಲದ ಮೇಲೆ ಕೂತು ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ, ಡಬ್ಬಿ ಬೇರೆ, ಕಡ್ಡಿ ಬೇರೆ ಆರಿಸುತ್ತಿದ್ದೆ. ಡಬ್ಬಿ ಗಿಡ್ಡ, ದುಂಡಗೆ. ಕಡ್ಡಿ ಉದ್ದ, ಸಪೂರ. ಕಡ್ಡಿಯಲ್ಲಿ ಬೀಜ ಯಾಕೆ ಕಡಿಮೆ ಅಂತ ಕೇಳುತ್ತಿದ್ದೆ, ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. 2011ರಲ್ಲಿ ನಮ್ಮ ಕಾಯಿಗೆ ಜಿಐ ಮಾನ್ಯತೆ, ಅಂದರೆ ಈ ಊರ ಹೆಸರಿನ ಗುರುತು ಬಂತು. ಹೆಸರು ದೊಡ್ಡದಾಯಿತು, ಆದರೆ ನಮ್ಮ ಅಂಗಡಿಗೆ ಬರುವ ಅಪ್ಪಟ ಡಬ್ಬಿ ವರ್ಷಾ ವರ್ಷ ಕಡಿಮೆಯಾಗುತ್ತಿದೆ. ಇಳುವರಿ ಜಾಸ್ತಿ ಕೊಡುವ ಬೇರೆ ತಳಿ ಹಾಕುತ್ತಾರೆ. ರೈತರನ್ನು ಬೈಯುವ ಹಾಗಿಲ್ಲ, ಅವರ ಹೊಟ್ಟೆಯೂ ತುಂಬಬೇಕು. ನಮ್ಮ ಕಾಯಿಯ ಈ ಕೆಂಪು ಬಣ್ಣವನ್ನೇ ಉಳಿಸಿಕೊಂಡು ರೋಗ ತಡೆಯುವ ತಳಿ ಮಾಡಬೇಕು ಅಂತ ನೀನು ಆಗಾಗ ಅನ್ನುತ್ತೀಯಲ್ಲ, ಅದು ಸಣ್ಣ ಕೆಲಸ ಅಲ್ಲ. ಕಂತು ವಸೂಲಿ ಮಾಡಲು ಬೇರೆ ಯಾರಾದರೂ ಸಿಗುತ್ತಾರೆ.

ಇನ್ನು ಲೆಕ್ಕ. ದಿವಾನಜಿ ಲೆಕ್ಕ ಮಾಡದೆ ಬಿಡುತ್ತಾನಾ?

ನಿಮ್ಮ ಕಾಕಾ "ಐದು ವರ್ಷ ತುಂಬಲಿ, ಗ್ರಾಚ್ಯುಟಿ ಬರ್ತೈತಿ" ಅಂತ ನಾಲ್ಕು ಸಲ ಫೋನ್ ಮಾಡಿದ. ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು ಅದು. ನಿನಗೀಗ ನಾಲ್ಕು ವರ್ಷ ಎರಡು ತಿಂಗಳು. ಮೂಲ ಪಗಾರ 16,000. ಅದನ್ನು ತಿಂಗಳ 26 ದಿನಕ್ಕೆ ಭಾಗಿಸಿ, ವರ್ಷಕ್ಕೆ 15 ದಿನದ ಪಗಾರದಂತೆ ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 46,000 ರೂಪಾಯಿ. ಅದಕ್ಕಾಗಿ ಇನ್ನೂ ಹತ್ತು ತಿಂಗಳು, ಅಂದರೆ ನವೆಂಬರ್‌ವರೆಗೆ ಕಾಯಬೇಕು. ಎಂ.ಎಸ್‌ಸಿ.ಗೆ ಬರೆಯಬೇಕಾದ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಪ್ರವೇಶ ಪರೀಕ್ಷೆ ಈಚೆಗೆ ಜೂನ್ ಕೊನೆ, ಜುಲೈ ಮೊದಲಿಗೆ ನಡೆಯುತ್ತಿದೆ. ಕಾದರೆ ಈ ವರ್ಷದ ಪರೀಕ್ಷೆಗೆ ಓದಲು ಸಮಯ ಸಿಗುವುದಿಲ್ಲ, ಒಂದು ವರ್ಷ ಹೋಯಿತು. ನನ್ನ ಲೆಕ್ಕದ ಚೀಟಿ ನೋಡಿ ನಿಮ್ಮವ್ವ "ಮಗಳ ನಿದ್ದಿಗೆ ನಲವತ್ತಾರು ಸಾವಿರ ಭಾಳ ಅಗ್ಗ ಆತು" ಅಂದಳು. ನನಗೆ ಮಾತ್ರ ನಮ್ಮ ಮಾಲಕರ ದನಿ ಕೇಳಿಸಿತು, ಈ ಸುಗ್ಗಿ ಒಂದು ಮುಗೀಲಿ.

ಪಿಎಫ್ ದುಡ್ಡಿಗೆ ಕೈ ಹಾಕಬೇಡ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ, ಸುಮ್ನೆ ಇರಲಿ. ರಿಲೀವಿಂಗ್ ಲೆಟರ್ ಕೈಗೆ ಬರುವ ತನಕ ಯಾರ ಜೊತೆಗೂ ಜಗಳ ಬೇಡ. ಇನ್ನೊಂದು ಮಾತು ನೀನು ಯೋಚಿಸಿರಲಿಕ್ಕಿಲ್ಲ. ಕಂಪನಿಯ ವಿಮೆಯಲ್ಲಿ ನಿಮ್ಮವ್ವನ ಹೆಸರೂ ಇದೆ, ಅವಳಿಗೆ ಶುಗರ್ ಇದೆ. ನೀನು ಬಿಟ್ಟ ಮೇಲೆ ಅದು ನಿಲ್ಲುತ್ತದೆ. ಹೊಸದಾಗಿ ಪಾಲಿಸಿ ಮಾಡಿದರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದಾ ಅಂತ ರಾಜೀನಾಮೆ ಕೊಡುವ ಮೊದಲೇ ಕೇಳು. ವಿಮೆಯ ಕಂತು ನಾನು ಕಟ್ಟುತ್ತೇನೆ.

ಒಂದು ಪ್ರಶ್ನೆ ಕೇಳಲೇಬೇಕು. ನಾಳೆ ಆ ಮ್ಯಾನೇಜರ್‌ಗೆ ಬೇರೆ ಊರಿಗೆ ವರ್ಗ ಆದರೆ? ಆಗಲೂ ಬಿಡುತ್ತೀಯಾ? ಸಿಟ್ಟಿನಲ್ಲಿ ಬಿಡುವುದಾದರೆ ಇನ್ನೂ ಎರಡು ತಿಂಗಳು ತಡೆ. ಓದುವುದಕ್ಕಾಗಿಯೇ ಬಿಡುವುದಾದರೆ ತಡೆಯಬೇಡ. ಎಂ.ಎಸ್‌ಸಿ. ಮುಗಿದ ಕೂಡಲೇ ವಿಜ್ಞಾನಿಯ ಕುರ್ಚಿ ಹಾಕಿಟ್ಟಿರುತ್ತಾರೆ ಅಂತ ನಾನೂ ತಿಳಿದಿಲ್ಲ. ಮುಂದೆ ಪಿಎಚ್‌.ಡಿ., ಆಮೇಲೆ ನೆಟ್, ಎಆರ್‌ಎಸ್ ಅನ್ನುವ ಪರೀಕ್ಷೆಗಳು ಅಂತ ನೀನೇ ಹೇಳಿದ್ದೀಯ. ಅದು ಆಗದಿದ್ದರೂ ಪಕ್ಕದ ರಾಣೆಬೆನ್ನೂರಿನಲ್ಲೇ ಎಷ್ಟೊಂದು ಬೀಜದ ಕಂಪನಿಗಳಿವೆ. ಅಲ್ಲಿ ತಳಿ ಗೊತ್ತಿರುವವರಿಗೆ ಕೆಲಸ ಸಿಗುತ್ತದೆ ಅಂತ ಮಾರ್ಕೆಟ್ಟಿನಲ್ಲಿ ವಿಚಾರಿಸಿದ್ದೇನೆ.

ವಿದ್ಯಾನಗರದ ಪಿಜಿ ಬಿಟ್ಟು ಮನೆಗೆ ಬಾ. ಮೇಲಿನ ಕೋಣೆ ಖಾಲಿ ಮಾಡಿಸುತ್ತೇನೆ, ಸದ್ಯ ಅಲ್ಲಿ ಜೋಳದ ಚೀಲ ಇವೆ. ಮಂದಿ ಕೇಳುತ್ತಾರೆ, ಕೇಳಲಿ. ಲಗ್ನದ ಮಾತು ತೆಗೆದವರನ್ನು ನನ್ನ ಹತ್ತಿರ ಕಳಿಸು.

ಭಾನುವಾರ ಬರುವಾಗ ಅಪಾಯಿಂಟ್‌ಮೆಂಟ್ ಲೆಟರ್ ಮರೆಯದೆ ತಾ. ನೋಟಿಸ್ ಅವಧಿ ಎರಡು ತಿಂಗಳು ಅಂತೀಯ, ನಾನೇ ಓದಿ ನೋಡಬೇಕು. ಮೊಬೈಲ್ ಬಿಲ್ಲನ್ನೂ ಓದದೆ ಕಟ್ಟುವವಳು ನೀನು. ಮತ್ತೆ, ಇವತ್ತಿನ ಮಾಲಿನಲ್ಲಿ ಒಂದು ಹಿಡಿ ಡಬ್ಬಿ ತೆಗೆದಿಟ್ಟಿದ್ದೇನೆ. ತನ್ನ ಅಪ್ಪನ ಕಾಲದ ಬೀಜ ಅಂತ ಒಬ್ಬ ಮುದುಕ ಹೇಳಿದ. ನನಗೆ ನಂಬಿಕೆ ಬರಲಿಲ್ಲ, ನೀನು ನೋಡಿ ಹೇಳು.

ನಿನ್ನ
ಅಪ್ಪ