ಮೊದಲು ಚಿಪ್, ಆಮೇಲೆ ಲಸಿಕೆ

ಮಾನ್ಯರೆ,

ಮಗನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾನೆ, ಜೊತೆಗೆ ಒಯ್ಯುವ ನಾಯಿಗೆ ಏನೇನು ಕಾಗದ ಬೇಕು ಎಂದು ಕೇಳಿಕೊಂಡು ಪಶು ಆಸ್ಪತ್ರೆಗೆ ಬರುವವರು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಈಗ ಅಪರೂಪವಲ್ಲ. ಮುಂದಿನ ತಿಂಗಳಿಗಂತೂ ಆಗುವುದಿಲ್ಲ. ಎಲ್ಲವೂ ನೆಟ್ಟಗೆ ನಡೆದರೂ ನಾಲ್ಕು ತಿಂಗಳು ಮೀರುತ್ತದೆ. ಆರು ತಿಂಗಳು ಕೈಯಲ್ಲಿಟ್ಟುಕೊಳ್ಳುವುದು ಲೇಸು. ಲೆಕ್ಕ ತಪ್ಪುವುದು ಹೆಚ್ಚಾಗಿ ನಮ್ಮೂರಲ್ಲೇ, ರೇಬೀಸ್ ಲಸಿಕೆ ಹಾಕಿಸಿದ ದಿನವೇ.

ಹೊರದೇಶದವರು ಮೊದಲು ನೋಡುವುದು ಚಿಪ್, ಅಂದರೆ ಗುರುತಿನ ಸಂಖ್ಯೆ ಅಡಗಿರುವ ಪುಟ್ಟ ಸಾಧನ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಇದನ್ನು ಎರಡು ಭುಜಗಳ ನಡುವೆ ಚರ್ಮದಡಿ ಸೂಜಿಯಲ್ಲಿ ಇಳಿಸುತ್ತಾರೆ. ಐಎಸ್‌ಒ 11784 ಮತ್ತು 11785 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ 15 ಅಂಕಿಯದ್ದು, 134.2 ಕಿಲೋಹರ್ಟ್ಸ್‌ನದ್ದು ಆಗಿರಬೇಕು. ಬೇರೆ ಮಾದರಿಯದಾದರೆ ಅಲ್ಲಿನ ರೀಡರ್‌ ಅದನ್ನು ಓದದೇ ಹೋಗಬಹುದು. ಚಿಪ್ ಹಾಕಿದ ಮೇಲೆ, ಅಥವಾ ಅದೇ ದಿನ ಚಿಪ್ ಹಾಕಿ ಅದರ ಹಿಂದೆಯೇ, ರೇಬೀಸ್ ಲಸಿಕೆ ಕೊಡಬೇಕು. ಲಸಿಕೆ ಮೊದಲು ಹಾಕಿಸಿ ತಿಂಗಳ ನಂತರ ಚಿಪ್ ಕೂರಿಸಿದರೆ ಆ ಲಸಿಕೆ ಲೆಕ್ಕಕ್ಕೇ ಇಲ್ಲ. ಚುಚ್ಚಿಸಿಕೊಂಡದ್ದು ಇದೇ ನಾಯಿ ಎನ್ನಲು ಗುರುತೇ ಇರಲಿಲ್ಲವಲ್ಲ! ಮತ್ತೆ ಲಸಿಕೆ, ಮತ್ತೆ ಮೊದಲಿನಿಂದ ದಿನ ಎಣಿಕೆ. 12 ವಾರ ತುಂಬದ ಮರಿಗೆ ಹಾಕಿಸಿದ್ದನ್ನೂ ಐರೋಪ್ಯ ಒಕ್ಕೂಟ ಒಪ್ಪುವುದಿಲ್ಲ. ಸೆಪ್ಟೆಂಬರ್ 28ರ ರೇಬೀಸ್ ದಿನದ ಶಿಬಿರಗಳಲ್ಲಿ ಸಿಗುವ ಚೀಟಿಯಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದಿದ್ದರೆ ಅದನ್ನೂ ನಂಬಿ ಕೂರಬೇಡಿ. ಸೀಸೆಯ ಮೇಲಿನ ಸ್ಟಿಕ್ಕರನ್ನು ಲಸಿಕೆ ಪುಸ್ತಕಕ್ಕೇ ಅಂಟಿಸಿಕೊಳ್ಳಿ.

ಇನ್ನೊಂದು ಮಲೆನಾಡಿನದೇ ತೊಡಕು. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಆಷಾಢದ ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಊರಿನ ಫ್ರಿಜ್‌ನಲ್ಲಿದ್ದ ಸೀಸೆಯ ಬಲ ಎಷ್ಟು ಉಳಿದಿದೆಯೋ ನೋಡಿ ಹೇಳಲಾಗದು. ಅದು ಗೊತ್ತಾಗುವುದು ರಕ್ತ ಪರೀಕ್ಷೆಯಲ್ಲಿ.

ಭಾರತದಿಂದ ಯುರೋಪಿಗೆ, ಬ್ರಿಟನ್ನಿಗೆ ಹೋಗುವ ನಾಯಿ ಬೆಕ್ಕು ಎರಡಕ್ಕೂ ರೇಬೀಸ್ ಪ್ರತಿಕಾಯದ (ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ರೋಗನಿರೋಧಕ ಅಂಶದ) ಪರೀಕ್ಷೆ ಕಡ್ಡಾಯ. ಲಸಿಕೆಯಾಗಿ ಕನಿಷ್ಠ 30 ದಿನದ ನಂತರ ರಕ್ತ ತೆಗೆಯಬೇಕು. ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚು ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಳೆದ ಮೇಲೆಯೇ ಪ್ರಯಾಣ. ವರದಿ ಬಂದ ದಿನದಿಂದ ಎಣಿಸಿ ಸುಮ್ಮನೆ ತಿಂಗಳು ಕಳೆದುಕೊಳ್ಳುವವರೂ ಇದ್ದಾರೆ. ಒಂದೇ ಸಲ ಲಸಿಕೆ ಕಂಡ ಎಳೆಯ ನಾಯಿಗಳಲ್ಲಿ ಅಂಕಿ ಕಡಿಮೆ ಬರುವುದು ಹೆಚ್ಚು. ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಸಲ ಹಾಕಿಸಿ, ಎರಡನೆಯದು ಹಾಕಿಸಿ ತಿಂಗಳಾದ ಮೇಲೆ ರಕ್ತ ತೆಗೆಸಿದರೆ ಗೆಲುವಿನ ಸಂಭವ ಜಾಸ್ತಿ. ಪ್ರಯೋಗಾಲಯಕ್ಕೆ ಬೇಕಾದದ್ದು ರಕ್ತವಲ್ಲ, ಸೀರಮ್, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ. ಒಂದೆರಡು ಮಿಲಿಲೀಟರ್ ಸಾಕು. ಇಲ್ಲೇ ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ, ಸೀಸೆಯ ಮೇಲೆ ಚಿಪ್ ಸಂಖ್ಯೆ ಬರೆದು, ಐಸ್‌ಪ್ಯಾಕ್ ಜೊತೆ ಕಳಿಸಬೇಕು. ಇಡೀ ರಕ್ತವನ್ನೇ ರಾತ್ರಿ ಬಸ್ಸಿಗೆ ಕೊಟ್ಟರೆ ಕುಲುಕಿ ರಕ್ತಕಣ ಒಡೆದು, ಮಾದರಿ ಕೆಂಪಾಗಿ ತಿರಸ್ಕಾರವಾಗುತ್ತದೆ. ಪ್ರಯೋಗಾಲಯವೂ ಆ ದೇಶ ಒಪ್ಪಿದ ಪಟ್ಟಿಯಲ್ಲೇ ಇರಬೇಕು. ಒಮ್ಮೆ ಪಾಸಾದರೆ ಯುರೋಪಿಗೆ ಅದೇ ವರದಿ ಮುಂದೆಯೂ ನಡೆಯುತ್ತದೆ, ಆದರೆ ಬೂಸ್ಟರ್ (ಮುಂದಿನ ಸರದಿಯ ಲಸಿಕೆ) ಒಂದು ದಿನವೂ ತಪ್ಪಕೂಡದು.

ಅಮೆರಿಕದ ನಿಯಮ 2024ರ ಆಗಸ್ಟ್ 1ರಿಂದ ಬದಲಾಗಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು. ಭಾರತದಲ್ಲಿ ಲಸಿಕೆ ಪಡೆದ ನಾಯಿಗೆ ಸರ್ಕಾರಿ ಪಶುವೈದ್ಯಾಧಿಕಾರಿ ದೃಢೀಕರಿಸಿದ ನಮೂನೆ ಬೇಕು, ಅಲ್ಲಿನ ನೋಂದಾಯಿತ ಪ್ರಾಣಿ ಕೇಂದ್ರದಲ್ಲಿ ಮುಂಗಡ ಜಾಗ ಕಾದಿರಿಸಬೇಕು. ಇಳಿಯಬಹುದಾದ ನಿಲ್ದಾಣಗಳೂ ಬೆರಳೆಣಿಕೆಯವು: ಅಟ್ಲಾಂಟಾ, ನ್ಯೂಯಾರ್ಕ್‌ನ ಜೆಎಫ್‌ಕೆ, ಲಾಸ್ ಏಂಜಲೀಸ್, ಮಯಾಮಿ, ಫಿಲಡೆಲ್ಫಿಯಾ, ವಾಷಿಂಗ್ಟನ್ ಡಲಸ್. ಪ್ರತಿಕಾಯದ ಪರೀಕ್ಷೆಗೆ ರಕ್ತ ತೆಗೆದು 28 ದಿನವಾದರೂ ಕಳೆದಿರಬೇಕು. ಆ ವರದಿಯೇ ಇಲ್ಲದಿದ್ದರೆ ಅಲ್ಲಿ 28 ದಿನ ಕ್ವಾರಂಟೈನ್, ಖರ್ಚು ನಿಮ್ಮದೇ. ಬೆಕ್ಕಿಗೆ ಇಷ್ಟು ಕಾಟವಿಲ್ಲ. ಬ್ರಿಟನ್ನಿಗೆ ಹೋಗುವ ನಾಯಿಗೆ ಇಳಿಯುವ 24ರಿಂದ 120 ಗಂಟೆ ಮುಂಚೆ ಲಾಡಿಹುಳುವಿನ ಮದ್ದು ಕೊಟ್ಟು ವೈದ್ಯರು ಸಮಯ ಸಮೇತ ಬರೆದಿರಬೇಕು. ಅಲ್ಲಿಗೆ ಪ್ರಾಣಿ ಹೋಗುವುದು ಸರಕಾಗಿಯೇ, ಮಡಿಲಲ್ಲಿ ಕೂರಿಸಿಕೊಂಡಲ್ಲ. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ತೆಗೆದುಕೊಳ್ಳುವುದೇ ಇಲ್ಲ.

ಉಣುಗಿನ ವಿಷಯ ನಮ್ಮವರಿಗೆ ಹೇಳಬೇಕಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲೇ. ತೋಟ, ಕಾನು ಸುತ್ತುವ ನಾಯಿಗೆ ಉಣುಗಿನಿಂದ ಬರುವ ರಕ್ತದ ಜ್ವರ ಒಳಗೇ ಇದ್ದು ಹೊರಡುವ ವಾರ ಎದ್ದರೆ ಆರೋಗ್ಯ ಪತ್ರ ಸಿಗುವುದಿಲ್ಲ. ಎರಡು ತಿಂಗಳು ಮುಂಚೆಯೇ ರಕ್ತ ನೋಡಿಸಿ, ಉಣುಗಿನ ಮದ್ದು ಶುರು ಮಾಡಿ. ನಾಯಿಯ ಬೆನ್ನಿಗೆ ಹಾಕುವ ಪರ್ಮೆಥ್ರಿನ್ ಇರುವ ಮದ್ದನ್ನು ಬೆಕ್ಕಿಗೆ ಮಾತ್ರ ಹಾಕಬೇಡಿ, ಜೀವಕ್ಕೇ ಎರವಾಗುತ್ತದೆ.

ಪೆಟ್ಟಿಗೆಯ ಅಳತೆ ಹೀಗೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಅದರ ಅಗಲ. ನಿಂತಾಗ ಕಿವಿಯ ತುದಿವರೆಗಿನ ಎತ್ತರ, ಜೊತೆಗೆ ಹಾಸಿಗೆಯ ದಪ್ಪ, ಅದರ ಎತ್ತರ. 70 ಸೆಂಟಿಮೀಟರ್ ಉದ್ದ, 30 ಮೊಣಕೈ, 20 ಭುಜ, 58 ಎತ್ತರದ ನಾಯಿಗೆ ಒಳಗಿನ ಅಳತೆ 85, 40 ಮತ್ತು ಐದು ಸೆಂಟಿಮೀಟರ್ ಹಾಸಿಗೆ ಸೇರಿ 63. ಪಗ್, ಶಿಟ್ಜುಗಳಂಥ ಚಪ್ಪಟೆ ಮೂಗಿನವಕ್ಕೆ ಶೇ 10 ಹೆಚ್ಚು. ಸೆಕೆಗೆ ಅವು ಬೇಗ ಉಸಿರುಗಟ್ಟುವುದರಿಂದ ಎಷ್ಟೋ ವಿಮಾನ ಸಂಸ್ಥೆಗಳು ಒಪ್ಪುವುದೇ ಇಲ್ಲ. ಇಲ್ಲಿ ನಮ್ಮ ಉದ್ದ ಮೂತಿಯ ನಾಟಿ ನಾಯಿಯದೇ ಮೇಲುಗೈ. ನಾಲ್ಕೂ ಬದಿ ಗಾಳಿಕಿಂಡಿ, ಲೋಹದ ನಟ್ಟು ಬೋಲ್ಟು, ಹೊರಗಿನಿಂದಲೇ ನೀರು ಹಾಕಬಹುದಾದ ಬಟ್ಟಲು ಬೇಕು. ಹಾಸಲು ಹುಲ್ಲು ಬೇಡ. ಮಂಪರು ಮಾತ್ರೆಯೂ ಬೇಡ: ರಕ್ತದೊತ್ತಡ ಇಳಿದು, ಮೈಬಿಸಿ ತಪ್ಪಿ, ಸಮತೋಲನ ಹೋಗುತ್ತದೆ. ಹಗಲಿಡೀ ತೋಟದಲ್ಲಿ ಬಿಟ್ಟು ಬೆಳೆಸಿದ ನಾಯಿ ಬಾಗಿಲು ಹಾಕಿದ್ದನ್ನೇ ಕಂಡಿರುವುದಿಲ್ಲ, ಬೆಕ್ಕು ಅಟ್ಟ ಬಿಟ್ಟು ಇಳಿಯುವುದಿಲ್ಲ. ಎರಡು ತಿಂಗಳು ಮುಂಚೆ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು ಅದರೊಳಗೇ ಊಟ ಹಾಕಿ. ಬಾಗಿಲು ಮೊದಲು ನಿಮಿಷ, ಆಮೇಲೆ ಗಂಟೆ, ಕೊನೆಗೆ ಇಡೀ ರಾತ್ರಿ ಮುಚ್ಚಿ.

ಕೊನೆಯ ಆರೋಗ್ಯ ಪತ್ರ ಬೆಂಗಳೂರಿನಲ್ಲಿ, ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಲ್ಲಿ. ಅಲ್ಲಿ ಪ್ರಾಣಿಯನ್ನೇ ತೋರಿಸಬೇಕು. ಲಸಿಕೆ ಪುಸ್ತಕ, ರಕ್ತದ ವರದಿ, ಸ್ಥಳೀಯ ವೈದ್ಯರ ಪತ್ರ, ಪಾಸ್‌ಪೋರ್ಟ್, ಟಿಕೆಟ್ ಪ್ರತಿ ಜೊತೆಗಿರಬೇಕು. ಯುರೋಪಿನ ಪತ್ರಕ್ಕೆ ಅಲ್ಲಿ ತಲುಪುವವರೆಗೆ ಹತ್ತೇ ದಿನದ ಆಯಸ್ಸು. ಯಜಮಾನರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಾದರೆ ಅದು ವ್ಯಾಪಾರದ ಸಾಗಣೆ ಎಂದಾಗಿ ನಿಯಮವೇ ಬೇರೆಯಾಗುತ್ತದೆ.

ಪಶುಪಾಲನಾ ಇಲಾಖೆಯಲ್ಲಿ ಕೋರಿಕೆ ಇಷ್ಟೇ. ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಂದು ಚಿಪ್ ರೀಡರ್ ಇರಲಿ; ಶಿಬಿರದ ಚೀಟಿಯಲ್ಲಿ ಚಿಪ್ ಸಂಖ್ಯೆಗೆ, ಬ್ಯಾಚ್ ಸ್ಟಿಕ್ಕರಿಗೆ ಜಾಗ ಇರಲಿ. ಚುಚ್ಚುವ ಮುಂಚೆ ಭುಜದಿಂದ ಮುಂಗಾಲಿನವರೆಗೆ ರೀಡರ್ ಆಡಿಸಿ (ಚಿಪ್ ಜಾರಿ ಕೆಳಗಿಳಿಯುವುದುಂಟು), ಕಂಡ ಸಂಖ್ಯೆ ಬರೆದುಕೊಳ್ಳಲು ಐದು ನಿಮಿಷವೂ ಹಿಡಿಯುವುದಿಲ್ಲ.

– ನಿವೃತ್ತ ಪಶುವೈದ್ಯ, ಸಾಗರ