ಈಜಿಪ್ಟ್ ಚುನಾವಣೆ: ರಾತ್ರಿ ಪಾಳಿಯವರನ್ನೂ ಕೇಳಿ

ದಾವಣಗೆರೆ, ಜೂನ್ 5, 2012

ಸಂಪಾದಕರಿಗೆ ನಮಸ್ಕಾರ.

ಈಜಿಪ್ಟಿನ ಜನ ಮೊದಲ ಸಲ ತಮ್ಮ ಅಧ್ಯಕ್ಷರನ್ನು ತಾವೇ ಆರಿಸುತ್ತಿದ್ದಾರೆ. ಮೇ 23, 24ರ ಮತದಾನಕ್ಕೆ ಮುಂಚೆ ಎಲ್ಲ ಕಡೆ ಒಂದೇ ಮಾತಿತ್ತು. ಪೈಪೋಟಿ ಏನಿದ್ದರೂ ಹಿಂದೆ ವಿದೇಶಾಂಗ ಮಂತ್ರಿಯಾಗಿದ್ದ ಅಮ್ರ್ ಮೂಸಾ ಮತ್ತು ಬ್ರದರ್‌ಹುಡ್ ಬಿಟ್ಟು ಬಂದ ಅಬುಲ್ ಫತೂಹ್ ನಡುವೆ ಅಂತ. ನಿಮ್ಮ ಪತ್ರಿಕೆಯಲ್ಲೂ ಹಾಗೇ ಬಂದಿತ್ತು. ಮೇ 10ರಂದು ಅವರಿಬ್ಬರನ್ನೇ ಟಿವಿಯಲ್ಲಿ ಎದುರುಬದುರು ನಿಲ್ಲಿಸಿ ನಾಲ್ಕು ಗಂಟೆ ಚರ್ಚೆ ಮಾಡಿಸಿದರು. ಎಣಿಕೆ ಮುಗಿದಾಗ ಫತೂಹ್ ನಾಲ್ಕನೆಯವರು, ಮೂಸಾ ಐದನೆಯವರು!

ಮೊದಲು ಬಂದದ್ದು ಮೊಹಮ್ಮದ್ ಮುರ್ಸಿ. ಮುಸ್ಲಿಂ ಬ್ರದರ್‌ಹುಡ್ ಅನ್ನುವ ಧಾರ್ಮಿಕ-ರಾಜಕೀಯ ಸಂಘಟನೆ ಮೊದಲು ನಿಲ್ಲಿಸಿದ್ದು ಖೈರತ್ ಅಲ್ ಶಾತಿರ್ ಅವರನ್ನು. ಅವರು ನಿಲ್ಲುವ ಹಾಗಿಲ್ಲ ಅಂತ ಏಪ್ರಿಲ್‌ನಲ್ಲಿ ತೀರ್ಮಾನ ಆದಾಗ ಮುರ್ಸಿ ಆ ಜಾಗಕ್ಕೆ ಬಂದರು. ಅಲ್ಲಿನ ಜನ ಅವರನ್ನು ಸ್ಟೆಪ್ನಿ ಟೈರು ಅಂತ ಆಡಿಕೊಂಡಿದ್ದರು. ಎರಡನೆಯವರು ಅಹ್ಮದ್ ಶಫೀಕ್, ಹೋದ ವರ್ಷ ಜನ ದಂಗೆ ಎದ್ದು ಇಳಿಸಿದ ಅಧ್ಯಕ್ಷ ಮುಬಾರಕ್ ಕಾಲದ ಕೊನೆಯ ಪ್ರಧಾನಿ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಓಟು ಬರಲಿಲ್ಲ, ಹಾಗಾಗಿ ಈ ಇಬ್ಬರ ನಡುವೆ ಇನ್ನೊಂದು ಸುತ್ತು.

ಇದನ್ನು ಓದಿದಾಗ ನನಗೆ ನಮ್ಮ ಗಿರಣಿಯ ಯೂನಿಯನ್ ಚುನಾವಣೆ ನೆನಪಾಯಿತು. ನಾನು ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ಕೆಲಸದಲ್ಲಿದ್ದವನು. ಆ ವರ್ಷ ಇಬ್ಬರು ಒಳ್ಳೆಯ ಮಾತುಗಾರರು ನಿಂತಿದ್ದರು. ಗೇಟಿನ ಎದುರು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಕೂತರೆ ಅವರಿಬ್ಬರದೇ ಹೆಸರು. ನಾನೂ ನಂಬಿದ್ದೆ. ಗೆದ್ದದ್ದು ಮೂರನೆಯವನು. ಅವನಿಗೆ ಭಾಷಣ ಬರುತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ರಾತ್ರಿ ಪಾಳಿಯಲ್ಲಿ ಒಂದೊಂದು ಮೆಷಿನ್ ಹತ್ತಿರ ಹೋಗಿ ಮಾತಾಡಿಸಿದ್ದ. ಸಾಲದ ಅರ್ಜಿ ಬರೆದುಕೊಟ್ಟಿದ್ದ. ಮತದಾನದ ಬೆಳಗ್ಗೆ, ಪಾಳಿ ಬಿಟ್ಟು ಮನೆ ಕಡೆ ಹೊರಟವರ ಸೈಕಲ್ಲಿಗೆ ಅಡ್ಡ ನಿಂತು, ಓಟು ಹಾಕಿಸಿಯೇ ಕಳಿಸಿದ. ಅವರ ತಲೆ, ಹುಬ್ಬಿನ ಮೇಲೆ ಹತ್ತಿಯ ಜುಂಗು ಹಾಗೇ ಇತ್ತು. ಅವರನ್ನು ಮಂಡಕ್ಕಿ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ನಾವು ಎಚ್ಚರ ಇರುವ ಹೊತ್ತಲ್ಲಿ ಅವರು ಮಲಗಿರುತ್ತಿದ್ದರು.

ಬ್ರದರ್‌ಹುಡ್ ಶುರುವಾದದ್ದು 1928ರಲ್ಲಿ. ಊರೂರಲ್ಲಿ ಅವರ ದವಾಖಾನೆ ಇದೆ, ಬಡವರಿಗೆ ಕೊಡುವ ಪದ್ಧತಿ ಇದೆ. ಶಫೀಕ್ ಬೆನ್ನಿಗೆ ಹಳೇ ಪಕ್ಷದ ಊರ ಮುಖಂಡರಿದ್ದಾರೆ. ಟಿವಿ ನೋಡಿ ಭವಿಷ್ಯ ಹೇಳಿದವರಿಗೆ ಇವರು ಕಾಣಲಿಲ್ಲ.

ನನಗೆ ನಿಜವಾಗಿ ಸಂಕಟ ಆದದ್ದು ಮೂರನೆಯ ಹೆಸರು ನೋಡಿ. ಹಮ್ದೀನ್ ಸಬಾಹಿ, ಹದ್ದಿನ ಗುರುತಿನವರು. ಕೈರೊ, ಅಲೆಕ್ಸಾಂಡ್ರಿಯಾ ಎರಡರಲ್ಲೂ ಅವರೇ ಮುಂದೆ. ಮುರ್ಸಿಗೆ 57 ಲಕ್ಷ, ಶಫೀಕ್‌ಗೆ 55 ಲಕ್ಷ, ಸಬಾಹಿಗೆ 48 ಲಕ್ಷ, ಫತೂಹ್‌ಗೆ 40 ಲಕ್ಷ ಓಟು. ಮುಬಾರಕ್ ಕಾಲವೂ ಬೇಡ, ಬ್ರದರ್‌ಹುಡ್ ಕೂಡ ಬೇಡ ಅಂದವರು ಇಬ್ಬರ ನಡುವೆ ಹಂಚಿಹೋದರು. ಒಬ್ಬರ ಓಟು ಪೂರ್ತಿ ಇನ್ನೊಬ್ಬರಿಗೆ ಹೋಗುವುದಿಲ್ಲ, ಒಪ್ಪುತ್ತೇನೆ. ಫತೂಹ್ ಹಿಂದೆ ಸರಿದು ಅವರ ಓಟಿನಲ್ಲಿ ಅರ್ಧ ಸಬಾಹಿ ಕಡೆ ಬಂದಿದ್ದರೂ ಸಾಕಿತ್ತು. ನಮ್ಮ ಯೂನಿಯನ್‌ನಲ್ಲೂ ಆ ಇಬ್ಬರು ಮಾತುಗಾರರ ಓಟು ಸೇರಿಸಿದರೆ ಗೆದ್ದವನಿಗಿಂತ ಜಾಸ್ತಿಯೇ ಇತ್ತು.

ದಾವಣಗೆರೆಯವನಿಗೆ ಈಜಿಪ್ಟ್ ಯಾಕೆ ಅಂತ ಮಗ ಕೇಳುತ್ತಾನೆ. ಅಲ್ಲಿ ಮಹಲ್ಲಾ ಅಂತ ಒಂದು ಊರಿದೆ. ಹತ್ತಿ ಗಿರಣಿಯ ಊರು, ನಮ್ಮ ಹಾಗೆ. ಒಂದೇ ಗಿರಣಿಯಲ್ಲಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ. 2006ರ ಡಿಸೆಂಬರ್‌ನಲ್ಲಿ ಬೋನಸ್ ಕೊಡಲಿಲ್ಲ ಅಂತ ಹೆಂಗಸರು ಮೊದಲು ಮೆಷಿನ್ ಬಿಟ್ಟು ಹೊರಗೆ ಬಂದು, 'ಗಂಡಸರು ಎಲ್ಲಿ?' ಅಂತ ಕೂಗಿದರು. 2008ರ ಏಪ್ರಿಲ್ 6ರಂದು ಮತ್ತೆ ಮುಷ್ಕರಕ್ಕೆ ಕರೆ ಕೊಟ್ಟದ್ದೂ ಅಲ್ಲೇ. ಮುಬಾರಕ್ ಇಳಿಯಲಿ ಅಂತ ಕೈರೊದ ತಹ್ರೀರ್ ಚೌಕದಲ್ಲಿ ಕೂತ ಹುಡುಗರ ಒಂದು ಸಂಘಟನೆಗೆ ಆ ದಿನದ ಹೆಸರೇ ಇದೆ. ನಮ್ಮ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡ ನನಗೆ ಅವರು ಬೇರೆಯವರಲ್ಲ.

ಜೂನ್ 16, 17ಕ್ಕೆ ಎರಡನೇ ಸುತ್ತು. ತಕ್ಕಡಿ ಗುರುತಿನ ಮುರ್ಸಿ, ಏಣಿ ಗುರುತಿನ ಶಫೀಕ್. ನನ್ನ ಲೆಕ್ಕದಲ್ಲಿ ಮುರ್ಸಿ ಗೆಲ್ಲುತ್ತಾರೆ, ತೀರಾ ಕಡಿಮೆ ಅಂತರದಲ್ಲಿ. ಮೊನ್ನೆ 2ನೇ ತಾರೀಕು ಮುಬಾರಕ್‌ಗೆ ಜೀವಾವಧಿ ಶಿಕ್ಷೆ ಆಯಿತು. ಆದರೂ ತೀರ್ಪು ಸಾಲದು ಅಂತ ಜನ ಮತ್ತೆ ಚೌಕ ತುಂಬಿದ್ದಾರೆ. ಅಷ್ಟು ಸಿಟ್ಟಿರುವವರು ಅವರ ಪ್ರಧಾನಿಗೇ ಓಟು ಹಾಕುವುದು ಕಷ್ಟ. ಆದರೆ ಸಬಾಹಿ ಕಡೆಯವರು ಎಷ್ಟು ಜನ ಮನೆಯಲ್ಲೇ ಉಳಿಯುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೊದಲ ಸುತ್ತಿನಲ್ಲೇ ಅರ್ಧಕ್ಕಿಂತ ಕಡಿಮೆ ಜನ ಓಟು ಹಾಕಿದ್ದು.

ಯಾರು ಗೆಲ್ಲುತ್ತಾರೆ ಅಂತ ದಿನಾ ಹಾಕುವ ಬದಲು, ಗೆದ್ದವರ ಕೈಗೆ ಏನು ಸಿಗುತ್ತದೆ ಅನ್ನುವುದನ್ನು ದಯವಿಟ್ಟು ಬರೆಯಿರಿ. ಹೊಸ ಸಂವಿಧಾನ ಇನ್ನೂ ಆಗಿಲ್ಲ. ಅಧಿಕಾರ ಸೇನಾ ಮಂಡಳಿಯ ಕೈಯಲ್ಲೇ ಇದೆ. ಮತ್ತೆ, ಮಹಲ್ಲಾ ಗಿರಣಿಯ ಗೇಟಿನ ಹತ್ತಿರ, ರಾತ್ರಿ ಪಾಳಿ ಬಿಡುವ ಹೊತ್ತಿಗೆ ನಿಂತು ಕೇಳಿ ಬರೆದ ವರದಿ ಎಲ್ಲಾದರೂ ಸಿಕ್ಕರೆ ಹಾಕಿ. ಆವತ್ತಿನ ಪತ್ರಿಕೆಯನ್ನು ನಮ್ಮ ಹಳೇ ಪಾಳಿಯವರಿಗೆಲ್ಲ ಓದಿ ಹೇಳುತ್ತೇನೆ.

ಒಬ್ಬ ನಿವೃತ್ತ ಗಿರಣಿ ಕಾರ್ಮಿಕ, ದಾವಣಗೆರೆ