ಬೀದಿಯಲ್ಲಿ ಜನ ಕಾಣದಿದ್ದರೆ ಊರು ಖಾಲಿ ಎಂದಲ್ಲ

ಮಾನ್ಯರೇ,

ಇಂಗ್ಲೆಂಡಿನ ಹಳ್ಳಿಗಳ ಹಳೆಯ ಫೋಟೊಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ‘ಆಗಿನ ನೆಮ್ಮದಿಯ ಬದುಕು’ ಎಂದೊಂದು ಅಡಿಬರಹ ಹಾಕಿ ಪುರವಣಿಗಳಲ್ಲಿ ಅಚ್ಚು ಮಾಡುವುದು ಈಚೆಗೆ ಹೆಚ್ಚಾಗಿದೆ. ಆ ಬಣ್ಣವೂ ತಪ್ಪು, ಖಾಲಿ ಬೀದಿಯನ್ನು ನೆಮ್ಮದಿಯೆಂದು ಓದುವ ಅಡಿಬರಹವೂ ತಪ್ಪು.

ವಿಲ್ಟ್‌ಶೈರ್‌ನ ಲೇಕಾಕ್ ಹಳ್ಳಿಯನ್ನೇ ನೋಡಿ. ಇಂದಿಗೆ ಉಳಿದಿರುವ ಅತಿ ಹಳೆಯ ಕ್ಯಾಮೆರಾ ನೆಗೆಟಿವ್ ಹುಟ್ಟಿದ್ದು ಅಲ್ಲಿ. 1835ರ ಆಗಸ್ಟ್‌ನಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ತಮ್ಮ ಮನೆಯ ಕಿಟಕಿಯನ್ನು ಅಂಚೆಚೀಟಿಯಷ್ಟು ಕಾಗದದಲ್ಲಿ ಹಿಡಿದರು. ಹೊಸದರಲ್ಲಿ ಭೂತಗನ್ನಡಿ ಹಿಡಿದರೆ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಿತ್ತೆಂದು ಅವರೇ ಬರೆದಿಟ್ಟಿದ್ದಾರೆ. 1844ರ ಸುಮಾರಿಗೆ ಅವರು ತೆಗೆದದ್ದು ಹುಲ್ಲಿನ ಬಣವೆ, ಅದಕ್ಕೆ ಒರಗಿಸಿದ ಏಣಿ, ತೆರೆದ ಬಾಗಿಲ ಬಳಿಯ ಪೊರಕೆ. ಮನುಷ್ಯರೂ ಕೆಲವು ಚಿತ್ರಗಳಲ್ಲಿ ಇದ್ದಾರೆ, ಅಲುಗಾಡದೆ ನಿಲ್ಲಿಸಿದವರು ಮಾತ್ರ.

ಇದಕ್ಕೆ ಕಾರಣ ತಂತ್ರ. ಟಾಲ್ಬಟ್ಟರ ಕ್ಯಾಲೊಟೈಪ್ ಎಂಬ ಕಾಗದದ ನೆಗೆಟಿವ್ ವಿಧಾನದಲ್ಲಿ ಬರೆಯುವ ಕಾಗದಕ್ಕೆ ಸಿಲ್ವರ್ ಅಯೊಡೈಡ್ ಲೇಪಿಸಿ, ಬಳಸುವ ಮುನ್ನ ಸಿಲ್ವರ್ ನೈಟ್ರೇಟ್ ಮತ್ತು ಗ್ಯಾಲಿಕ್ ಆಮ್ಲದ ಮಿಶ್ರಣ ಬಳಿಯುತ್ತಿದ್ದರು. ಬಿಸಿಲಿನಲ್ಲೂ ಲೆನ್ಸನ್ನು ಹಲವು ಸೆಕೆಂಡು, ಎಷ್ಟೋ ಸಲ ನಿಮಿಷಗಟ್ಟಲೆ ತೆರೆದಿಡಬೇಕಿತ್ತು. ಅಷ್ಟರಲ್ಲಿ ನಡೆದು ಹೋದವರ ಗುರುತೇ ಉಳಿಯುವುದಿಲ್ಲ, ಕೊಂಚ ನಿಂತು ಸರಿದವರು ಹೊಗೆಯಂತೆ ಉಳಿಯುತ್ತಾರೆ. ಗಾಡಿಯ ಚಕ್ರ ಸ್ಪಷ್ಟವಾಗಿದ್ದು ಕುದುರೆಯ ತಲೆ ಮಸುಕಾಗಿದ್ದರೆ ಅದೂ ಇದೇ ಲೆಕ್ಕ. 1850ರ ದಶಕದಲ್ಲಿ ಕಾಗದದ ನೆಗೆಟಿವ್ ಬಳಸಿದ ಬ್ರಿಟಿಷ್ ಛಾಯಾಗ್ರಾಹಕ ಲಿನಿಯಸ್ ಟ್ರೈಪ್ ಅವರಿಗೆ ನಮ್ಮ ಹಳೇಬೀಡಿನ ಕಲ್ಲು ಒಲಿದದ್ದೂ ಅದು ಅಲುಗಾಡದ ಕಾರಣಕ್ಕೆ.

1851ರಲ್ಲಿ ಬಂದ, ಕೊಲೋಡಿಯನ್ ಎಂಬ ಅಂಟು ದ್ರವ ಲೇಪಿಸಿದ ಗಾಜಿನ ತಟ್ಟೆ ಲೆನ್ಸ್ ತೆರೆದಿಡುವ ಈ ಹೊತ್ತನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿತು. ಆದರೆ ಲೇಪ ಒಣಗುವ ಮೊದಲೇ, ಹತ್ತು ಹದಿನೈದು ನಿಮಿಷದೊಳಗೆ, ಚಿತ್ರ ತೆಗೆದು ತೊಳೆದು ಮುಗಿಸಬೇಕು. ಹೀಗಾಗಿ ಹೊಲದಂಚಿಗೆ ಕತ್ತಲೆಯ ಗುಡಾರವನ್ನೂ ಹೊರಬೇಕಿತ್ತು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಜೆಲಾಟಿನ್ ಒಣ ತಟ್ಟೆಯ ದಾರಿ ತೋರಿಸಿದರು. ಕ್ಷಣಾರ್ಧದಲ್ಲಿ ಚಿತ್ರ ಹಿಡಿಯುವ ಅಂಥ ತಟ್ಟೆಗಳು ಅಂಗಡಿಗೆ ಬಂದ ಮೇಲೆಯೇ ಕುಡುಗೋಲು ಬೀಸುವ ಕೈ ಫೋಟೊದಲ್ಲಿ ಕಾಣತೊಡಗಿದ್ದು.

ಬಣ್ಣದ ವಿಷಯವಂತೂ ಇನ್ನೂ ಗಂಭೀರ. ಆ ಕಾಲದ ತಟ್ಟೆಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ನೀಲಿ ಆಕಾಶ ಬರಿ ಬಿಳಿಯಾಗುತ್ತದೆ. ಕೆಂಪು ಇಟ್ಟಿಗೆ, ಕೆಂಪು ಲಂಗ, ಕಪ್ಪು ಕೋಟು ಎಲ್ಲವೂ ಒಂದೇ ಕಡುಛಾಯೆ. ಹೀಗಿರುವಾಗ ಲಂಗ ಯಾವ ಬಣ್ಣದ್ದೆಂದು ಕಂಪ್ಯೂಟರಿಗೆ ತಿಳಿಯುವುದಾದರೂ ಹೇಗೆ? ಅದು ಹಚ್ಚುವುದು ಬರಿಯ ಊಹೆಯನ್ನು.

ಫೋಟೊ ಅಂಚೆಕಾರ್ಡಿನ ರೂಪದಲ್ಲಿದ್ದರೆ ಅದರ ಕಾಲ ಗುರುತಿಸಲು ಹಿಂಬದಿ ನೋಡಬೇಕು. ವಿಳಾಸದ ಪಕ್ಕದಲ್ಲೇ ಸುದ್ದಿ ಬರೆಯಲು ಬ್ರಿಟನ್ನಿನ ಅಂಚೆ ಇಲಾಖೆ ಅವಕಾಶ ಕೊಟ್ಟಿದ್ದು 1902ರಲ್ಲಿ. ಕಾರ್ಡಿನ ಅರ್ಧ ಪೆನ್ನಿ ದರ ಒಂದು ಪೆನ್ನಿಗೆ ಏರಿದ್ದು 1918ರ ಜೂನ್‌ನಲ್ಲಿ. ಆದರೆ ಅಂಚೆ ಮುದ್ರೆಯ ದಿನಾಂಕವನ್ನೇ ಫೋಟೊದ ದಿನಾಂಕವೆಂದು ನಂಬಬಾರದು, ಒಂದೇ ಚಿತ್ರವನ್ನು ವರ್ಷಗಟ್ಟಲೆ ಮಾರುತ್ತಿದ್ದರು.

ಮೂಲಪ್ರತಿ ಇದ್ದವರು ಕನಿಷ್ಠ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ), ಅಂಚು ಕತ್ತರಿಸದೆ, ಹಿಂಬದಿಯನ್ನೂ ಸೇರಿಸಿ ಸ್ಕ್ಯಾನ್ ಮಾಡಲಿ. ಗಾಜಿನ ತಟ್ಟೆಯನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಚಿತ್ರದ ಲೇಪವಿರುವ ಮಂಕಾದ ಬದಿಗೆ ಒದ್ದೆ ಬಟ್ಟೆ ತಾಗಿದರೆ ಜೆಲಾಟಿನ್ ಉಬ್ಬಿ ಚಿತ್ರವೇ ಎದ್ದು ಬರುತ್ತದೆ. ಪತ್ರಿಕೆಯಲ್ಲಿ ನಮ್ಮ ಕೋರಿಕೆ ಇಷ್ಟೇ: ಮೂಲ ಛಾಯೆಯಲ್ಲೇ ಅಚ್ಚು ಮಾಡಿ, ಊರು, ವರ್ಷ, ತಂತ್ರ ಮತ್ತು ಪ್ರತಿ ಎಲ್ಲಿದೆ ಎಂಬುದನ್ನು ಅಡಿಬರಹದಲ್ಲಿ ಕೊಡಿ.

– ಹಳೆಯ ಛಾಯಾಚಿತ್ರಗಳ ಆಸಕ್ತರು, ಮೈಸೂರು